ದಬ್ಬೇಘಟ್ಟ ಸುತ್ತಮುತ್ತ ಲಾರಿ ಕಾಟ ಇಲ್ಲದ ಸೈಕಲ್ ದಾರಿಗಳು: ತೋಟದ ಸಾಲಿನಿಂದ ಬೆಟ್ಟದ ಬುಡದವರೆಗೆ

ದಬ್ಬೇಘಟ್ಟ: ಬೆಳಿಗ್ಗೆ ಆರೂವರೆಗೆ ಡೈರಿಗೆ ಹಾಲು ಹಾಕಿ ಕ್ಯಾನ್ ನೇತುಹಾಕಿಕೊಂಡು ಬರುವವರು, ಎಂಟಕ್ಕೆ ಹೈಸ್ಕೂಲಿಗೆ ಹೊರಡುವ ಮಕ್ಕಳು, ಸಂಜೆ ತೋಟಕ್ಕೆ ನೀರು ತಿರುಗಿಸಲು ಹೋಗುವವರು. ಹೋಬಳಿಯಲ್ಲಿ ಸೈಕಲ್ ಇನ್ನೂ ಸತ್ತಿಲ್ಲ. ಇತ್ತೀಚೆಗೆ ಇವರ ಜೊತೆಗೆ ಇನ್ನೊಂದು ಗುಂಪು ಸೇರಿಕೊಂಡಿದೆ. ಶನಿವಾರ, ಭಾನುವಾರ ಹೆಲ್ಮೆಟ್ ಹಾಕ್ಕೊಂಡು, ಗೇರ್ ಸೈಕಲ್ ಏರಿ, ತೆಂಗಿನ ತೋಟಗಳ ನಡುವೆ ಸುಮ್ಮನೆ ಸುತ್ತಾಡಲು ಬರುವ ಪಟ್ಟಣದವರು. ಶುಗರ್ ಬಂತು ಅಂತ ಡಾಕ್ಟರ್ ಹೇಳಿದ ಮೇಲೆ ಹಳೇ ಸೈಕಲ್ ಅಟ್ಟದಿಂದ ಇಳಿಸಿದ ಊರಿನ ಅಂಗಡಿಯವರೂ ಇದ್ದಾರೆ. ಎಲ್ಲರ ಪ್ರಶ್ನೆ ಒಂದೇ: ಯಾವ ರಸ್ತೆಯಲ್ಲಿ ಹೋದರೆ ಹಿಂದಿನಿಂದ ಟಿಪ್ಪರ್ ಬಂದು ಹಾರ್ನ್ ಹೊಡೆಯೋದಿಲ್ಲ?

ಉತ್ತರ ಗೊತ್ತಾಗಬೇಕಾದರೆ ಮೊದಲು ಗದ್ದಲ ಎಲ್ಲಿದೆ ಅಂತ ನೋಡಬೇಕು. ಉತ್ತರಕ್ಕೆ ತುಮಕೂರು–ತಿಪಟೂರು–ಅರಸೀಕೆರೆ ಹೆದ್ದಾರಿ, ಜನ ಈಗಲೂ '206' ಅಂತಲೇ ಕರೆಯೋದು. ಪೂರ್ವಕ್ಕೆ ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ, ಮಾಯಸಂದ್ರ ಮೇಲೆ ನಾಗಮಂಗಲ ಕಡೆಗೆ ಇಳಿಯುವ 150ಎ. ದಕ್ಷಿಣಕ್ಕೆ ಯಡಿಯೂರು, ಹಿರೀಸಾವೆ, ಚನ್ನರಾಯಪಟ್ಟಣ ದಾಟುವ ಬೆಂಗಳೂರು–ಹಾಸನ ಹೆದ್ದಾರಿ. ಪಶ್ಚಿಮಕ್ಕೆ ತಿಪಟೂರಿನಿಂದ ನುಗ್ಗೇಹಳ್ಳಿ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆ. ಈ ನಾಲ್ಕೂ ಸೇರಿದರೆ ಒಂದು ಚೌಕಟ್ಟಾಯ್ತು. ಲಾರಿ, ಬಸ್ಸು, ಕಾರು ಎಲ್ಲ ಈ ಚೌಕಟ್ಟಿನ ಅಂಚಿನಲ್ಲೇ ಓಡುತ್ತವೆ. ದಬ್ಬೇಘಟ್ಟ ಇರೋದು ಒಳಗೆ. ಈ ಕಾರಣಕ್ಕೇ ಇಲ್ಲಿ ದೊಡ್ಡ ವ್ಯಾಪಾರ ಬೆಳೆಯಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋರು ಇದ್ದಾರೆ. ಸೈಕಲ್ ತುಳಿಯೋರಿಗೆ ಅದೇ ವರ.

ಚೌಕಟ್ಟಿನ ಒಳಗೆ ಹೆಚ್ಚಿನ ಹಳ್ಳಿಗಳಿಗೆ ಟಾರು ಬಂದಿದ್ದು ಕಳೆದ ಇಪ್ಪತ್ತೈದು ವರ್ಷಗಳಲ್ಲಿ. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ಬಂದ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ', ಜೊತೆಗೆ ಶಾಸಕರ ಅನುದಾನದ ಕಾಮಗಾರಿಗಳು. ಒಂದು ಗಾಡಿ ಹೋಗುವಷ್ಟೇ ಅಗಲ, ಎರಡೂ ಕಡೆ ತೋಟದ ಬೇಲಿ, ಊರಿಗೊಂದು ಅರಳಿಕಟ್ಟೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಬ್ಬರಲ್ಲಿ ಒಬ್ಬರು ಮಣ್ಣಿಗೆ ಇಳಿಯಬೇಕು. ಅಗಲ ಕಡಿಮೆ ಇರೋದೇ ವೇಗಕ್ಕೆ ಕಡಿವಾಣ. ರಸ್ತೆ ಅಗಲ ಮಾಡಿ ಅಂತ ಅರ್ಜಿ ಕೊಡುವ ಮುಂಚೆ ಇದನ್ನೂ ಒಂದು ಸಲ ಯೋಚಿಸಬಹುದು.

ಕೆರೆ ಏರಿ ಮತ್ತು ಊರೊಳಗಿನ ದಾರಿ

ಹೊಸದಾಗಿ ಶುರು ಮಾಡುವವರಿಗೆ ದಬ್ಬೇಘಟ್ಟ–ತುರುವೇಕೆರೆ ನಡುವಿನ ಹಳ್ಳಿಗಳೇ ಸಾಕು. ಮುಖ್ಯ ರಸ್ತೆಯಲ್ಲಿ ನೇರ ಹೋಗೋ ಬದಲು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಸೇರಿಸಿಕೊಂಡು ಹೋಗಬೇಕು. ಏರಿಳಿತ ಸಣ್ಣದು. ಕೆರೆ ಇರುವ ಕಡೆ ತಗ್ಗು, ಊರು ಇರುವ ಕಡೆ ದಿಣ್ಣೆ. ಹಿಂದಿನವರು ನೀರು ನೋಡಿ ಊರು ಕಟ್ಟಿದ್ದರಿಂದ ಲೆಕ್ಕ ಹೆಚ್ಚುಕಡಿಮೆ ಎಲ್ಲಾ ಕಡೆ ಇಷ್ಟೇ. ಗೇರ್ ಇಲ್ಲದ ಕಪ್ಪು ಸೈಕಲ್‌ನಲ್ಲೂ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಸಲೀಸಾಗಿ ಹೋಗಬಹುದು.

ತುರುವೇಕೆರೆ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಮಲ್ಲಾಘಟ್ಟ ಕೆರೆ ಈ ಭಾಗದ ಸವಾರಿಗೆ ಒಳ್ಳೆ ಗುರಿ. ಹೇಮಾವತಿ ನೀರು ತುಂಬಿ ಕೋಡಿ ಬಿದ್ದ ವರ್ಷ ಅಲ್ಲಿ ಜನಜಾತ್ರೆ. ಆ ದಿನಗಳಲ್ಲಿ ಕಾರು, ಬೈಕು ಸಾಲುಗಟ್ಟುವುದರಿಂದ ಸೈಕಲ್‌ನವರು ಬೆಳಿಗ್ಗೆ ಎಂಟರೊಳಗೆ ಹೋಗಿ ಬಂದುಬಿಡೋದು ವಾಸಿ. ಕೋಡಿ ನೀರು ಹರಿಯುವ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತೆ. ಸೈಕಲ್ ತಳ್ಳಿಕೊಂಡು ದಾಟಲೂ ಹೋಗಬಾರದು.

ವಾಪಸ್ ಬರುವಾಗ ತುರುವೇಕೆರೆಯಲ್ಲಿ ಅರ್ಧ ಗಂಟೆ ನಿಂತರೆ ನಷ್ಟವಿಲ್ಲ. ಗಂಗಾಧರೇಶ್ವರ ಗುಡಿಯ ಮುಂದಿನ ನುಣುಪು ಕಪ್ಪುಕಲ್ಲಿನ ದೊಡ್ಡ ನಂದಿ, ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ, ಚೆನ್ನಿಗರಾಯ ಗುಡಿಗಳು, ಬೇಟೆರಾಯಸ್ವಾಮಿ ದೇವಸ್ಥಾನ ಎಲ್ಲವೂ ಊರೊಳಗೇ ಇವೆ. ತಾಲ್ಲೂಕಿನವರೇ ಎಷ್ಟೋ ಜನ ತಾಲ್ಲೂಕು ಕಚೇರಿ ನೋಡಿರ್ತಾರೆ, ಇವನ್ನು ನೋಡಿರೋದಿಲ್ಲ.

ನಾಲೆ ರಸ್ತೆ: ನೆಮ್ಮದಿಯೂ ಅಲ್ಲೇ, ಅಪಾಯವೂ ಅಲ್ಲೇ

ವಾಹನ ಅತಿ ಕಡಿಮೆ ಇರುವ ದಾರಿ ಅಂದರೆ ಹೇಮಾವತಿ ನಾಲೆ ಪಕ್ಕದ ಸರ್ವಿಸ್ ರಸ್ತೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ತಿಯಾಯ್ತು. ಅಲ್ಲಿಂದ ಎಡದಂಡೆ ನಾಲೆಯಲ್ಲಿ ಬಂದ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗ ದಾಟಿ ತುಮಕೂರು ಜಿಲ್ಲೆ ಕಡೆ ತಿರುಗುತ್ತದೆ. ತಿಪಟೂರು, ತುರುವೇಕೆರೆ, ಗುಬ್ಬಿ ತಾಲ್ಲೂಕುಗಳ ಕೆರೆಗಳಿಗೆ, ಕೊನೆಗೆ ತುಮಕೂರು ನಗರದ ನಲ್ಲಿಗೆ ಹೋಗೋದು ಇದೇ ನೀರು. ನಾಲೆ ಉದ್ದಕ್ಕೂ ನೀರಾವರಿ ಇಲಾಖೆ ಜೀಪ್ ಓಡಾಡಲೆಂದು ಒಂದು ಮಣ್ಣಿನ ರಸ್ತೆ ಬಿಟ್ಟಿದ್ದಾರೆ. ನೀರು ತನ್ನಷ್ಟಕ್ಕೆ ತಾನು ಹರಿಯಬೇಕಾದ್ದರಿಂದ ನಾಲೆಗೆ ಇಳಿಜಾರು ಕಣ್ಣಿಗೆ ಕಾಣದಷ್ಟೇ ಇರುತ್ತೆ, ಪಕ್ಕದ ರಸ್ತೆಯೂ ಹಾಗೇ. ಮೈಲಿಗಟ್ಟಲೆ ತುಳಿದರೂ ಏರು ಸಿಗೋದಿಲ್ಲ. ಒಂದು ಕಡೆ ನೀರು, ಒಂದು ಕಡೆ ತೋಟ, ಮೇಲೆ ಗಿಣಿ ಹಿಂಡು.

ಆದರೆ ಇದು ಸಾರ್ವಜನಿಕ ರಸ್ತೆ ಅಂತ ಮಾಡಿದ್ದಲ್ಲ. ತಡೆಗೋಡೆ ಇಲ್ಲ, ದೀಪ ಇಲ್ಲ. ಕೆಲವು ಕಡೆ ಮಳೆಗೆ ಕೊರೆದು ಅರ್ಧ ರಸ್ತೆಯೇ ಕುಸಿದಿರುತ್ತೆ. ಇನ್ನೂ ಮುಖ್ಯ ಸಂಗತಿ ನಾಲೆಯ ಒಳಮೈ. ಸಿಮೆಂಟ್ ಹಾಕಿದ ಇಳಿಜಾರಿಗೆ ನೀರು ನಿಂತರೆ ಪಾಚಿ ಹಿಡಿಯುತ್ತೆ. ಮೇಲಿಂದ ನೋಡಿದರೆ ನೀರು ನಿಧಾನ ಅನ್ನಿಸುತ್ತೆ, ಒಳಗೆ ಸೆಳೆತ ಬೇರೆ. ಈಜು ಬಂದವರೂ ಜಾರಿ ಬಿದ್ದರೆ ಹಿಡಿಯಲು ಏನೂ ಸಿಗದೆ ಕೈಸೋಲುತ್ತಾರೆ. ಕೈಕಾಲು ತೊಳೆಯಲು, ಬಾಟ್ಲಿ ತುಂಬಿಸಲು, ಫೋಟೋ ತೆಗೆಯಲು ಇಳಿಜಾರಿಗೆ ಇಳಿಯಲೇಬಾರದು. ಇಳಿಯಲೇಬೇಕಾದ ಕೆಲಸವಿದ್ದರೆ ಮೆಟ್ಟಿಲು ಕಟ್ಟಿರುವ ಕಡೆ ಮಾತ್ರ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ; ಪಂಚೆ, ಟವೆಲ್, ಸೈಕಲ್ ಟ್ಯೂಬ್, ಬಾವಿ ಹಗ್ಗ, ಕೈಗೆ ಸಿಕ್ಕಿದ್ದನ್ನು ಎಸೆದು ದಡದ ಮೇಲಿಂದ ಎಳೆಯಿರಿ, 112ಕ್ಕೆ ಕರೆ ಮಾಡಿ. ಮಕ್ಕಳನ್ನು ನಾಲೆ ರಸ್ತೆಗೆ ಒಬ್ಬರನ್ನೇ ಕಳಿಸೋದು ಬೇಡವೇ ಬೇಡ. ಮಳೆಗಾಲದಲ್ಲಿ ಅಣೆಕಟ್ಟೆ ತುಂಬಿದ ಮೇಲೆ ನೀರು ಬಿಡ್ತಾರೆ. ಬೇಸಿಗೆಯಲ್ಲಿ ನಾಲೆ ಒಣಗಿರುತ್ತೆ. ಸವಾರಿಗೆ ಒಣಗಿದ ಕಾಲವೇ ಸುರಕ್ಷಿತ, ಚಂದ ಮಾತ್ರ ಅರ್ಧ.

ಗುಡಿಗಳ ಸುತ್ತು

ಒಂದು ದಿನ ಪೂರ್ತಿ ಕೊಡುವವರಿಗೆ ನೊಣವಿನಕೆರೆ, ವಿಘ್ನಸಂತೆ, ಅರಳಗುಪ್ಪೆ, ಬಾಣಸಂದ್ರ. ತಿಪಟೂರು–ತುರುವೇಕೆರೆ ರಸ್ತೆ ನೊಣವಿನಕೆರೆ ಮೇಲೆಯೇ ಹೋಗುತ್ತೆ, ಆ ತುಂಡಿನಲ್ಲಿ ಬಸ್ಸು, ಟೆಂಪೋ ಇರ್ತವೆ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ಇರುವ ದಿನ ಬೆಳಿಗ್ಗೆ ಚೀಲ ತುಂಬಿದ ಗಾಡಿಗಳು ಅವಸರದಲ್ಲಿರುತ್ತವೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದ ಉಂಡೆ ಕೊಬ್ಬರಿ, ಕೊನೇ ಹತ್ತು ಮೈಲಿಗೆ ಮಾತ್ರ ಕಾಯೋದಿಲ್ಲ. ಹರಾಜಿನ ದಿನ ಈ ಸುತ್ತು ಬಿಡಿ.

ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ 13ನೇ ಶತಮಾನದ ಹೊಯ್ಸಳ ಕೆಲಸ. ಅರಳಗುಪ್ಪೆಯಲ್ಲಿ ಎರಡು ಗುಡಿಗಳಿವೆ. ಚೆನ್ನಕೇಶವ ಹೊಯ್ಸಳರದ್ದು. ಅದಕ್ಕಿಂತ ಸುಮಾರು ಮುನ್ನೂರೈವತ್ತು ವರ್ಷ ಹಳೆಯದು ಕಲ್ಲೇಶ್ವರ, 9ನೇ ಶತಮಾನದ್ದು. ಕಲ್ಲೇಶ್ವರದ ಒಳಗೆ ಕತ್ತು ಎತ್ತಿ ನೋಡಬೇಕು: ಛಾವಣಿಯಲ್ಲಿ ಕುಣಿಯುತ್ತಿರುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಬೇಲೂರಿಗೆ ಟಿಟಿ ಮಾಡ್ಕೊಂಡು ಹೋಗೋರಿಗೆ ಪಕ್ಕದೂರಿನ ಇದು ಗೊತ್ತೇ ಇರೋದಿಲ್ಲ. ಗುಡಿ ಬಾಗಿಲು ಹಾಕಿದ್ದರೆ ಊರೊಳಗೆ ಅರ್ಚಕರ ಮನೆ ಕೇಳಿದರೆ ತೋರಿಸ್ತಾರೆ. ಚಪ್ಪಲಿ ಆಚೆ, ಸೈಕಲ್ಲೂ ಆಚೆ.

ಅರಳಗುಪ್ಪೆಯಿಂದ ಬಾಣಸಂದ್ರ ಸ್ಟೇಷನ್ ಐದಾರು ಕಿಲೋಮೀಟರ್. ಸಾಕಾಯ್ತು ಅನ್ನಿಸಿದರೆ ಅಲ್ಲಿಂದ ಪ್ಯಾಸೆಂಜರ್ ರೈಲು ಹಿಡಿಯಬಹುದು. 1880ರ ದಶಕದಲ್ಲಿ ಮೀಟರ್‌ಗೇಜ್ ಆಗಿ ಬಂದ ಹಳಿ ಇದು. ಮಡಚುವ ಸೈಕಲ್ ಇದ್ದರೆ ತೊಂದರೆ ಇಲ್ಲ. ಪೂರ್ತಿ ಸೈಕಲ್ ಆದರೆ ಲಗೇಜ್ ಬುಕ್ ಮಾಡಿ ಗಾರ್ಡ್ ಪಕ್ಕದ ಬೋಗಿಗೆ ಏರಿಸಬೇಕು. ಸಣ್ಣ ಸ್ಟೇಷನ್‌ಗಳಲ್ಲಿ ರೈಲು ನಿಲ್ಲೋದು ಒಂದೆರಡು ನಿಮಿಷ, ಆದ್ದರಿಂದ ಆ ಕೆಲಸ ತಿಪಟೂರಲ್ಲಿ ಮಾಡೋದು ಸುಲಭ.

ಜಿಲ್ಲೆ ಗಡಿ ದಾಟಲು ಅಡ್ಡಿ ಇಲ್ಲದವರಿಗೆ ನುಗ್ಗೇಹಳ್ಳಿ ಇದೆ. ಅಲ್ಲಿನ ಲಕ್ಷ್ಮೀನರಸಿಂಹ ಗುಡಿ 1246ರದ್ದು. ದಬ್ಬೇಘಟ್ಟ ಕಡೆಯಿಂದ ಹಳ್ಳಿ ರಸ್ತೆಗಳಲ್ಲೇ ಬಹುಪಾಲು ಹೋಗಬಹುದು, ಚನ್ನರಾಯಪಟ್ಟಣ ರಸ್ತೆ ಸಿಗೋದು ಕೊನೆಗೆ.

ಬೆಟ್ಟದ ಬುಡ: ಚಿಕ್ಕನಾಯಕನಹಳ್ಳಿ ಕಡೆ

ನಿಜವಾದ ಬೆಟ್ಟಸಾಲು ನೋಡಬೇಕು ಅಂದರೆ ಉತ್ತರಕ್ಕೆ ಹೋಗಬೇಕು. ಬುಕ್ಕಾಪಟ್ಟಣ ಕಡೆಯಿಂದ ಚಿಕ್ಕನಾಯಕನಹಳ್ಳಿ ಪಕ್ಕಕ್ಕೆ ಇಳಿದು ಬರುವ ಕೆಂಪು ಗುಡ್ಡಗಳು, ಬುಡದಲ್ಲಿ ತೆಂಗು, ಅಡಿಕೆ, ಆಚೆ ರಾಗಿ ಹೊಲ. ದಬ್ಬೇಘಟ್ಟದಿಂದ ತುಳಿದುಕೊಂಡೇ ಹೋಗಿ ಬರೋದು ಅಭ್ಯಾಸ ಇದ್ದವರ ಕೆಲಸ. ಉಳಿದವರು ಲಗೇಜ್ ಆಟೋದಲ್ಲಿ ಸೈಕಲ್ ಹಾಕ್ಕೊಂಡು ಚಿಕ್ಕನಾಯಕನಹಳ್ಳಿವರೆಗೆ ಹೋಗಿ ಅಲ್ಲಿಂದ ಶುರು ಮಾಡೋದು ಒಳ್ಳೇದು, 150ಎ ಮೇಲೆ ತುಳಿಯೋದು ತಪ್ಪುತ್ತೆ.

ಈ ಬೆಟ್ಟದ ಬುಡ ಇಷ್ಟು ಶಾಂತವಾಗಿರಲಿಲ್ಲ. ಕಬ್ಬಿಣ, ಮ್ಯಾಂಗನೀಸ್ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿ, ತೆಂಗಿನ ಗರಿ ಮೇಲೆ ಕೆಂಪು ಧೂಳು ಕೂತು, ಮನೆ ಮುಂದೆ ಒಣಹಾಕಿದ ಬಟ್ಟೆ ಕೂಡ ಕೆಂಪಾಗುತ್ತಿದ್ದ ಕಾಲ ಒಂದಿತ್ತು. ಆಗ ಈ ರಸ್ತೆಯಲ್ಲಿ ಸೈಕಲ್ ಅಂದರೆ ಜೀವ ಕೈಲಿ ಹಿಡಿದುಕೊಂಡ ಹಾಗೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಕೆಲಸ ಹೋದವರೂ ಇದ್ದರು. ಮುಂದೆ ಗಣಿ ಪುನಃ ತೆರೆಯುವ ಮಾತು ಬಂದಾಗೆಲ್ಲ ಹಳ್ಳಿಗಳಲ್ಲಿ ವಿರೋಧ ಎದ್ದಿದ್ದು ಬೆಟ್ಟ ಉಳಿಸೋಕೆ ಮಾತ್ರ ಅಲ್ಲ, ಈ ರಸ್ತೆ ಉಳಿಸಿಕೊಳ್ಳೋಕೂ ಹೌದು. ಈಗ ಎತ್ತಿನಹೊಳೆ ನಾಲೆ ಕೆಲಸ ಹೋಗುವ ಕಡೆಗಳಲ್ಲಿ ಟಿಪ್ಪರ್ ಓಡಾಟ ಇರುತ್ತೆ, ಹೊರಡುವ ಮುಂಚೆ ಊರಿನವರನ್ನು ಕೇಳಿಕೊಳ್ಳಿ.

ಮದಲಿಂಗನ ಕಣಿವೆ ಈ ಭಾಗದ ಹೆಸರಾದ ಜಾಗ. ಮದಲಿಂಗ ಅಂದರೆ ಮದುವಣಿಗ; ಬೆಟ್ಟ ಹತ್ತುವ ಪಂತಕ್ಕೆ ಬಿದ್ದ ಮದುವಣಿಗನ ಕಥೆಯನ್ನು ಹಿರಿಯರು ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಕಣಿವೆ ರಸ್ತೆ ಏರು ನಿಜವಾದ ಏರು. ಗೇರ್ ಇಲ್ಲದವರು ಇಳಿದು ತಳ್ಳಿ, ನಾಚಿಕೆ ಪಡೋದೇನಿಲ್ಲ. ಇಳಿಯುವಾಗ ಮಾತ್ರ ಎರಡೂ ಬ್ರೇಕ್ ಸರಿ ಇರಬೇಕು. ಮುಂದಿನ ಬ್ರೇಕ್ ಒಂದನ್ನೇ ಒತ್ತಿದರೆ ತಿರುವಿನ ಜಲ್ಲಿ ಮೇಲೆ ಚಕ್ರ ಜಾರುತ್ತೆ. ಇನ್ನೂ ದೂರ ಹೋಗುವವರಿಗೆ ಹುಳಿಯಾರು ಹೋಬಳಿಯ ಬೋರನಕಣಿವೆ ಜಲಾಶಯ, ಸುವರ್ಣಮುಖಿಗೆ ಅಡ್ಡವಾಗಿ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು.

ಬೆಟ್ಟದ ಬುಡದಲ್ಲಿ ಬೆಳಕು ಹರಿದ ಮೇಲೆ ಹೊರಡಿ, ಸೂರ್ಯ ಮುಳುಗುವ ಮುಂಚೆ ಊರು ಸೇರಿ. ಕರಡಿ, ಚಿರತೆ ಎರಡೂ ಇವೆ. ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮ ಅಂತ ಘೋಷಿಸಿದ್ದು ಅಲ್ಲಿ ಪ್ರಾಣಿ ಇರೋದ್ರಿಂದಲೇ. ಬೆಟ್ಟದಿಂದ ದೂರ ಇದ್ದೇವೆ ಅಂತ ಇಲ್ಲಿಯವರೂ ಧೈರ್ಯ ಪಡುವ ಹಾಗಿಲ್ಲ. 2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಸಣ್ಣ ಮಕ್ಕಳೂ ಸೇರಿ ಜನ ಸತ್ತಿದ್ದನ್ನು ಜಿಲ್ಲೆ ಮರೆತಿಲ್ಲ. ಮುಸ್ಸಂಜೆ ತೋಟದ ದಾರಿಯಲ್ಲಿ ಒಬ್ಬರೇ ಹೋಗಬೇಕಾದರೆ ಬೆಲ್ ಹೊಡೆಯುತ್ತಾ, ಟಾರ್ಚ್ ಹಾಕ್ಕೊಂಡು ಹೋಗಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯೋದಕ್ಕಿಂತ ಇಳಿದು ಸೈಕಲ್ ಅಡ್ಡ ಇಟ್ಟುಕೊಂಡು ನಿಲ್ಲೋದು ವಾಸಿ, ಹೆಚ್ಚಿನವು ಸುಮ್ಮನಾಗ್ತವೆ.

ಒಕ್ಕಣೆ, ಮುಳ್ಳು, ಮಟ್ಟೆ

ಲಾರಿ ಇಲ್ಲದ ರಸ್ತೆಗೂ ಅದರದೇ ಕಾಟಗಳಿವೆ. ದೊಡ್ಡದು ರಸ್ತೆ ಮೇಲಿನ ಒಕ್ಕಣೆ. ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ತಂದು ಟಾರಿನ ಮೇಲೆ ಹರಡ್ತಾರೆ. ಕಣ ಮಾಡಿ, ಸಗಣಿ ಸಾರಿಸಿ, ರೋಣುಗಲ್ಲು ಕಟ್ಟಿ ಎತ್ತು ಹೂಡುವ ಕಾಲ ಹೋಯ್ತು. ಕೂಲಿ ಸಿಗೋದಿಲ್ಲ, ಎತ್ತೂ ಇಲ್ಲ. ಓಡಾಡುವ ಗಾಡಿಗಳೇ ಪುಕ್ಕಟೆ ತುಳಿದು ಕೊಡ್ತವೆ. ರೈತರ ಕಷ್ಟ ಅರ್ಥ ಆಗುವಂಥದ್ದೇ, ಆದರೆ ಹುರುಳಿ ಸೊಪ್ಪು ಜಾರುತ್ತೆ, ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಚೈನ್ ಕಿತ್ತು ಹಾಕುತ್ತೆ. ಕಾರಿನ ಅಡಿಗೆ ಸಿಕ್ಕಿದ ಸೊಪ್ಪು ಬಿಸಿಗೆ ಹೊತ್ತಿಕೊಳ್ಳೋದೂ ಉಂಟು. ಪೊಲೀಸರು ಬೇಡ ಅಂತ ಹೇಳ್ತಲೇ ಇರ್ತಾರೆ, ಒಕ್ಕಣೆ ನಡೀತಲೇ ಇರುತ್ತೆ. ಸೈಕಲ್‌ನವರು ಅಲ್ಲಿ ಇಳಿದು ತಳ್ಳಿಕೊಂಡು ದಾಟಬೇಕು. ಹರಡುವವರು ಕೊನೇ ಪಕ್ಷ ಒಂದು ಬದಿ ಖಾಲಿ ಬಿಟ್ಟು, ಅಂಚಿಗೆ ಕಲ್ಲು ಇಡೋದನ್ನು ನಿಲ್ಲಿಸಬೇಕು. ರಾತ್ರಿ ಆ ಕಲ್ಲು ಯಾರಿಗೂ ಕಾಣೋದಿಲ್ಲ, ಒಕ್ಕಣೆ ಮುಗಿದ ಮೇಲೂ ಅದು ಅಲ್ಲೇ ಬಿದ್ದಿರುತ್ತೆ.

ಎರಡನೇದು ಮುಳ್ಳು. ಬೇಲಿ ಸವರಿದ ಜಾಲಿ ಮುಳ್ಳು ಮತ್ತು ಮಣ್ಣಿನ ಅಂಚಿನ ನೆಗ್ಗಿಲು ಮುಳ್ಳು ಪಂಕ್ಚರ್‌ಗೆ ಮೊದಲ ಕಾರಣ. ಎದುರಿಗೆ ಗಾಡಿ ಬಂತು ಅಂತ ಅಂಚಿಗೆ ಇಳಿದಾಗಲೇ ಅದು ಚುಚ್ಚೋದು. ಇನ್ನು ತೆಂಗು. ನೆರಳು ಅಂತ ತುಂಬಿದ ಗೊನೆ ಕೆಳಗೆ ಸೈಕಲ್ ನಿಲ್ಲಿಸಿ ಕೂರಬೇಡಿ, ಗಾಳಿಗೆ ಮಟ್ಟೆ ಬಿದ್ದರೂ ತಲೆಗೆ ಪೆಟ್ಟು. ಕೂರಲು ಹುಣಸೆ, ಹೊಂಗೆ ಬೇಕಾದಷ್ಟಿವೆ.

ನಕಾಶೆ ದಾರಿ ಯಾರದ್ದು?

ಟಾರಿಗಿಂತಲೂ ನೆಮ್ಮದಿಯ ದಾರಿ ಹಳೇ ಬಂಡಿ ಜಾಡು. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಗುರುತಿರುವ ಈ ದಾರಿಗಳು ಸಾರ್ವಜನಿಕರವು. ಅವುಗಳಲ್ಲಿ ಎಷ್ಟೋ ಕಡೆ ಈಗ ತೆಂಗಿನ ಸಸಿ ಕೂತಿವೆ, ತಂತಿ ಬೇಲಿ ಎದ್ದಿದೆ. ಹತ್ತಿರದ ದಾರಿ ಮುಚ್ಚಿದಾಗ ಶಾಲೆ ಮಕ್ಕಳು, ತೋಟಕ್ಕೆ ಹೋಗುವ ಹೆಂಗಸರು ಸುತ್ತು ಹಾಕಿಕೊಂಡು ಹೆದ್ದಾರಿ ಮೇಲೆ ಬರಬೇಕಾಗುತ್ತೆ. ಅಪಘಾತ ಆಗೋದು ಅಲ್ಲಿ.

ತಮ್ಮೂರಿನ ದಾರಿ ನಕಾಶೆಯಲ್ಲಿ ಇದೆಯೋ ಇಲ್ಲವೋ ನೋಡೋದು ಈಗ ಕಷ್ಟವಿಲ್ಲ. ಭೂಮಾಪನ ಇಲಾಖೆ ವೆಬ್‌ಸೈಟ್‌ನಲ್ಲಿ ಗ್ರಾಮ ನಕಾಶೆ ಇಳಿಸಿಕೊಳ್ಳಬಹುದು. ಮೊಬೈಲ್‌ಗೆ 'ದಿಶಾಂಕ್' ಆ್ಯಪ್ ಹಾಕ್ಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ನಕಾಶೆಯಲ್ಲಿ ದಾರಿ ಇದ್ದು ನೆಲದ ಮೇಲೆ ಇಲ್ಲದಿದ್ದರೆ ತಹಶೀಲ್ದಾರ್‌ಗೆ ಲಿಖಿತ ಅರ್ಜಿ ಕೊಡಬೇಕು. ನಕಾಶೆ ಪ್ರತಿ, ಸರ್ವೆ ನಂಬರ್, ದಾರಿ ಬಳಸುವವರ ಸಹಿ ಜೊತೆಗಿಟ್ಟರೆ ಅರ್ಜಿಗೆ ತೂಕ. ಸ್ವೀಕೃತಿ ತಗೊಳ್ಳೋದು ಮರೆಯಬಾರದು. ನಕಾಶೆಯಲ್ಲಿ ಇಲ್ಲದ, ರೂಢಿಯಿಂದ ಬಳಸುತ್ತಿದ್ದ ದಾರಿಯ ತಕರಾರು ಬೇರೆ ಥರದ್ದು. ಅದಕ್ಕೆ ಜಗಳಕ್ಕಿಂತ ಅರಳಿಕಟ್ಟೆ ಮಾತುಕತೆಯೇ ಬೇಗ.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು. 2006–07ರಲ್ಲಿ ಶುರುವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಕೋವಿಡ್ ಸಮಯದಲ್ಲಿ ನಿಂತುಹೋಯ್ತು. ಬಸ್ಸಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಹೋಬಳಿ ಹೈಸ್ಕೂಲ್ ಮೆಟ್ಟಿಲು ಹತ್ತಿದ್ದರಲ್ಲಿ ಆ ಸೈಕಲ್‌ಗಳ ಪಾಲು ದೊಡ್ಡದು. ಅಕ್ಕನಿಗೆ ಸಿಕ್ಕಿದ್ದನ್ನೇ ಈಗ ತಂಗಿ ತುಳೀತಿದ್ದಾಳೆ, ಸೀಟು ಹರಿದಿದ್ದರೂ.

ಅಂಗಡಿಯವರಿಗೆ

ಸೈಕಲ್‌ನಲ್ಲಿ ಬರುವವರು ಕಾರಿನವರ ಹಾಗೆ ಸರ್ರನೆ ಹೋಗೋದಿಲ್ಲ, ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ನಿಲ್ತಾರೆ. ಕೇಳೋದು ಎಳನೀರು, ಬಾಳೆಹಣ್ಣು, ಕಡ್ಲೆಮಿಠಾಯಿ, ಬಿಸಿ ಇಡ್ಲಿ, ಕೂರಲು ಒಂದು ಬೆಂಚು. ಬಾಟ್ಲಿಗೆ ಶುದ್ಧ ನೀರು ತುಂಬಿಕೊಳ್ಳಲು ಬಿಟ್ಟರೆ ಅದೇ ಅಂಗಡಿಗೆ ಮತ್ತೆ ಬರ್ತಾರೆ. ತೆಂಗಿನ ಸೀಮೆಯಲ್ಲೇ ರಸ್ತೆ ಬದಿ ಎಳನೀರು ಸಿಗೋದಿಲ್ಲ ಅನ್ನೋದು ಬಂದವರ ಮಾಮೂಲಿ ದೂರು. ಕಾಯಿ ಎಲ್ಲ ಕೊಬ್ಬರಿಗೆ ಬಿಡುವ ಊರಲ್ಲಿ ಹಾಗಾಗೋದು ಸಹಜ. ಬೆಳಿಗ್ಗೆ ಏಳಕ್ಕೆ ಹತ್ತು ಎಳನೀರು ಇಟ್ಟುಕೊಂಡರೂ ಖರ್ಚಾಗುತ್ತೆ.

ಸೈಕಲ್ ಶಾಪ್‌ನವರು ತಿಳಿದಿರಬೇಕಾದ್ದು ಟ್ಯೂಬ್ ಅಳತೆ. ಊರಿನ ಕಪ್ಪು ಸೈಕಲ್‌ಗೆ 28 ಇಂಚು, ಮಕ್ಕಳದ್ದಕ್ಕೆ ಹೆಚ್ಚಾಗಿ 26 ಅಥವಾ ಅದಕ್ಕಿಂತ ಕಡಿಮೆ. ಪಟ್ಟಣದಿಂದ ಬರುವ ತೆಳು ಚಕ್ರದ ಸೈಕಲ್‌ಗೆ '700ಸಿ' ಟ್ಯೂಬ್. ಅದರ ವಾಲ್ ಸಣ್ಣದು, ತುದಿಯ ತಿರುಪು ಸಡಿಲಿಸದೆ ಗಾಳಿ ಹೋಗೋದಿಲ್ಲ, ಮಾಮೂಲಿ ಪಂಪ್ ಕೂರೋದೂ ಇಲ್ಲ. ಅದಕ್ಕೆ ಕೂರುವ ಹಿತ್ತಾಳೆ ಅಡಾಪ್ಟರ್ ಪುಟ್ಟದು, ಅಗ್ಗದ್ದು. ಎರಡು ಇಟ್ಟುಕೊಂಡರೆ ಬೈಕ್‌ಗೆ ಗಾಳಿ ಹಿಡಿಯುವ ಕಂಪ್ರೆಸರ್‌ನಲ್ಲೇ ಕೆಲಸ ಆಗುತ್ತೆ. ಗಾಳಿ ಮಾತ್ರ ನೋಡಿ ಹಿಡಿಯಬೇಕು, ಸೈಕಲ್ ಟ್ಯೂಬ್ ತುಂಬೋದು ಕ್ಷಣದಲ್ಲಿ. ಎಷ್ಟು ಹಾಕಬೇಕು ಅಂತ ಟೈರ್ ಪಕ್ಕದಲ್ಲೇ ಅಚ್ಚು ಹಾಕಿರ್ತಾರೆ.

ಹೊರಡುವವರು ಒಂದು ಟ್ಯೂಬ್, ಪ್ಯಾಚ್, ಸಣ್ಣ ಪಂಪ್, ಹಿಂದಕ್ಕೆ ಕೆಂಪು ರಿಫ್ಲೆಕ್ಟರ್ ಇಟ್ಟುಕೊಂಡಿರಬೇಕು. ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಬಾಗಿಲು ತೆಗೆಯೋದು ಒಂಬತ್ತರ ಮೇಲೆ, ಸವಾರಿ ಮುಗಿಯೋ ಹೊತ್ತಿಗೆ. ಮದುವೆ ಸೀಸನ್‌ನಲ್ಲಿ ಅದೂ ಅನುಮಾನ.